ವಿದ್ಯಾರ್ಥಿವೇತನ: ಪ್ರವೇಶದ ದಿನವೇ ಪರಿಶೀಲಿಸಿ

ಮಾನ್ಯ ಸಂಪಾದಕರೇ,

ಮಂಡ್ಯ, ಮೈಸೂರಿನ ಪದವಿ ಕಾಲೇಜುಗಳ ಕಚೇರಿ ಕಿಟಕಿಯಲ್ಲಿ ‘ಸ್ಕಾಲರ್‌ಶಿಪ್ ಯಾವಾಗ ಬರುತ್ತೆ ಸಾರ್’ ಎಂಬ ಪ್ರಶ್ನೆ ವರ್ಷವಿಡೀ ತಪ್ಪುವುದಿಲ್ಲ. ತಡವಾದರೆ ಬೈಗುಳವೆಲ್ಲ ಇಲಾಖೆಗೆ. ಅನುದಾನ ಬಿಡುಗಡೆಯೇ ತಡವಾಗುವುದೂ ಉಂಟು. ಆದರೆ ಮಂಜೂರಾದ ಹಣವೂ ಕೈಸೇರದೆ ನಿಲ್ಲುವುದಕ್ಕೆ ಬೇರೆ ಕಾರಣಗಳಿವೆ. ಅವನ್ನು ಕಾಲೇಜು ಸೇರುವ ದಿನವೇ ಪತ್ತೆಹಚ್ಚಬಹುದು.

ಮೊತ್ತ ಸಣ್ಣದೆಂದು ಅಸಡ್ಡೆ ಬೇಡ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ‘ವಿದ್ಯಾಸಿರಿ’ಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ರೂಪಾಯಿ. ಕೆ.ಆರ್. ಪೇಟೆಯಿಂದ ಬಂದು ಮೈಸೂರಿನಲ್ಲಿ ನಾಲ್ವರ ಜೊತೆ ರೂಮು ಮಾಡಿಕೊಂಡ ಹುಡುಗನಿಗೆ ಅದು ಬಾಡಿಗೆಯ ಪಾಲು. ವಾರ್ಷಿಕ ಆದಾಯ 2.5 ಲಕ್ಷ ಮೀರದ ಪರಿಶಿಷ್ಟ ಜಾತಿಯ ಕುಟುಂಬದ ಬಿ.ಎ., ಬಿ.ಕಾಂ. ವಿದ್ಯಾರ್ಥಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕಡ್ಡಾಯ ಶುಲ್ಕದ ಜೊತೆಗೆ ವರ್ಷಕ್ಕೆ 3,000, ಹಾಸ್ಟೆಲ್‌ನಲ್ಲಿದ್ದರೆ 6,000 ರೂಪಾಯಿ. ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ರಾಜ್ಯ ತನ್ನ ಪಾಲು ಹಾಕಿದ ಮೇಲೆಯೇ ಕೇಂದ್ರದ್ದು ಬರುವುದು. ಹಾಗಾಗಿ ಒಂದು ಕಂತು ಬಂದು ಇನ್ನೊಂದು ಬರದಿದ್ದರೆ ಅರ್ಜಿ ತಿರಸ್ಕೃತವಾಯಿತೆಂದು ಗಾಬರಿಬೀಳಬೇಕಿಲ್ಲ.

ಇವೆರಡಕ್ಕೂ ಅರ್ಜಿ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ. ಪಿಯುಸಿಯಲ್ಲಿ ಒಳ್ಳೆ ಅಂಕ ಬಂದು ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಇನ್ನೊಂದು ಯೋಜನೆಯಿದೆ. ಪದವಿಯ ಮೂರು ವರ್ಷ ತಲಾ 12,000 ರೂಪಾಯಿ. ಅದರ ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಇಲ್ಲ. ಅಲ್ಲಿ ಕೇಳುವ ‘80 ಪರ್ಸೆಂಟೈಲ್’ ಅಂದರೆ ಶೇ 80 ಅಂಕವಲ್ಲ, ಆ ವಿಭಾಗದಲ್ಲಿ ಪಾಸಾದವರ ಪೈಕಿ ಮೊದಲ ಶೇ 20ರೊಳಗೆ ಇರಬೇಕೆಂದು ಅರ್ಥ. ಇದು ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದವರು ಬಹಳ ಮಂದಿ.

ಇನ್ನು ಹಣ ನಿಲ್ಲುವ ಜಾಗಗಳು. ಮೊದಲನೆಯದು ಬ್ಯಾಂಕ್ ಖಾತೆ. ಪ್ರೈಮರಿ ಶಾಲೆಯಲ್ಲಿದ್ದಾಗ ಅಪ್ಪ ಅಮ್ಮನ ಹೆಸರು ಸೇರಿಸಿ ತೆರೆದ ಖಾತೆಯನ್ನೇ ಮಕ್ಕಳು ಕೊಡುತ್ತಾರೆ. ಅದು ಅಪ್ರಾಪ್ತರ ಖಾತೆ. 18 ತುಂಬಿದ ಮೇಲೆ ಹೊಸ ಫೋಟೊ, ಸಹಿ, ಕೆವೈಸಿ ಕೊಡದಿದ್ದರೆ ಬ್ಯಾಂಕು ವಹಿವಾಟು ತಡೆಯುತ್ತದೆ. ಪದವಿಯ ಮೊದಲ ವರ್ಷ, 18 ತುಂಬುವ ವರ್ಷ, ಎರಡೂ ಒಂದೇ ಆಗಿರುವುದು ನೋಡಿ!

‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದ್ದೂ ಸಾಲದು. ಖಾತೆಗೆ ಆಧಾರ್ ಜೋಡಿಸುವುದು ಒಂದು, ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಸೀಡಿಂಗ್ ಆಗುವುದು, ಅಂದರೆ ಆ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ದಾಖಲಾಗುವುದು, ಇನ್ನೊಂದು. ಸರ್ಕಾರದ ಹಣ ಹೋಗುವುದು ಸೀಡಿಂಗ್ ಆದ ಬ್ಯಾಂಕಿಗೆ, ಅದೂ ಕೊನೆಯದಾಗಿ ಸೀಡಿಂಗ್ ಆದ ಒಂದೇ ಬ್ಯಾಂಕಿಗೆ. ಮೊಬೈಲ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಸೀಡಿಂಗ್ ಹೋಗಿದ್ದರೆ ಹಣ ಅಲ್ಲಿ ತಣ್ಣಗೆ ಕೂತಿರುತ್ತದೆ, ಹುಡುಗಿ ಇಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಲೇ ಇರುತ್ತಾಳೆ.

ಎರಡನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅದನ್ನೇ ಬಿಡಿಸಿ ಬರೆದ ಊರು, ಅಪ್ಪನ ಹೆಸರು. ನಮ್ಮ ಕಡೆ ‘ಗೌಡ’ದ ಇಂಗ್ಲಿಷ್ ಸ್ಪೆಲ್ಲಿಂಗೇ ಎರಡು ಮೂರು ಬಗೆ. ತಿದ್ದುವುದಾದರೆ ಆಧಾರ್ ತಿದ್ದಿಸಿ ಅಂಕಪಟ್ಟಿಗೆ ಹೊಂದಿಸುವುದು ವಾಸಿ. ಅಂಕಪಟ್ಟಿ ತಿದ್ದಿಸಲು ಮಂಡಳಿಯವರೆಗೆ ಅಲೆಯಬೇಕು. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ, ದುಡುಕಬೇಡಿ. ಅದಾದ ಮೇಲೆ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದಲ್ಲೂ ಹೆಸರು ಅದೇ ಇದೆಯೇ ನೋಡಿ. ಆದಾಯ ಪತ್ರಕ್ಕೆ ಐದೇ ವರ್ಷ ಆಯಸ್ಸು. ಹೈಸ್ಕೂಲಿಗೆಂದು ಮಾಡಿಸಿದ್ದು ಡಿಗ್ರಿಯ ನಡುವೆ ಮುಗಿದುಹೋಗುತ್ತದೆ.

ಮೂರನೆಯದು ಕಾಲೇಜಿನದೇ ತಪ್ಪು. ಅರ್ಜಿ ಸಲ್ಲಿಸಿ ಪ್ರಿಂಟ್ ತೆಗೆದರೆ ಮುಗಿಯಲಿಲ್ಲ. ವ್ಯಾಸಂಗ ದಾಖಲೆಗೆ ಕಾಲೇಜಿನ ಅಧಿಕಾರಿ ಇ-ದೃಢೀಕರಣ ಮಾಡಬೇಕು. ಆ ಲಾಗಿನ್ ಇರುವವರು ರಜೆಯಲ್ಲಿದ್ದರೆ ಅಥವಾ ವರ್ಗವಾಗಿದ್ದರೆ ಇಡೀ ತರಗತಿಯ ಕಡತ ಕೊನೆಯ ದಿನಾಂಕದವರೆಗೆ ಹಾಗೇ ಬಿದ್ದಿರುತ್ತದೆ.

ಪ್ರಾಂಶುಪಾಲರಲ್ಲಿ ಕೇಳುವುದಿಷ್ಟೆ. ಪ್ರವೇಶದ ಅರ್ಜಿ ತೆಗೆದುಕೊಳ್ಳುವ ಮೇಜಿನ ಪಕ್ಕದಲ್ಲೇ ಇನ್ನೊಂದು ಮೇಜು, ಒಂದು ಕಂಪ್ಯೂಟರ್, ಒಬ್ಬ ಗುಮಾಸ್ತ. ಸೀಡಿಂಗ್ ಯಾವ ಬ್ಯಾಂಕಿನಲ್ಲಿದೆ ಎಂದು ನೋಡಲು ಆಧಾರ್ ಸಂಖ್ಯೆ, ಆಧಾರ್‌ಗೆ ಕೊಟ್ಟಿರುವ ಮೊಬೈಲಿಗೆ ಬರುವ ಒಟಿಪಿ ಸಾಕು, ಐದು ನಿಮಿಷದ ಕೆಲಸ. ಮೂರೂ ದಾಖಲೆಯ ಹೆಸರು ಪಕ್ಕಪಕ್ಕ ಇಟ್ಟು ಓದಲು ಇನ್ನೆರಡು ನಿಮಿಷ. ಇ-ದೃಢೀಕರಣದ ಹೊಣೆಯನ್ನು ಒಬ್ಬರ ಬದಲು ಇಬ್ಬರಿಗೆ ವಹಿಸಿ, ಅವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿ. ಮಂಜೂರಾತಿ ಬಾಕಿ ಇರುವವರನ್ನು ಪರೀಕ್ಷಾ ಶುಲ್ಕದ ಹೆಸರಿನಲ್ಲಿ ಕಿಟಕಿಯಿಂದ ವಾಪಸ್ ಕಳಿಸುವ ಮುನ್ನ, ಅವರ ಕಡತ ನಿಮ್ಮದೇ ಲಾಗಿನ್‌ನಲ್ಲಿ ಉಳಿದಿದೆಯೇ ಎಂದು ಒಮ್ಮೆ ತೆರೆದು ನೋಡಿ.

– ಕಾಲೇಜು ಕಚೇರಿಯ ನಿವೃತ್ತ ಅಧೀಕ್ಷಕ, ಮಂಡ್ಯ