ಕ್ಲಾರೆಂಡನ್ನಿನ ಏರಿಯನ್ನೂ ನೋಡಿ ಬನ್ನಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿಗೆ ಹೋಗುವ ನಮ್ಮವರು ಸ್ಟೋನ್‌ಹೆಂಜ್ ನೋಡಿ, ಸಾಲ್ಸ್‌ಬರಿ ಚರ್ಚಿನ ಗೋಪುರದ ಫೋಟೊ ತೆಗೆದುಕೊಂಡು ವಾಪಸ್ ಬರುತ್ತಾರೆ. ಅದೇ ಸಾಲ್ಸ್‌ಬರಿಯ ಪಕ್ಕದಲ್ಲಿ ಕ್ಲಾರೆಂಡನ್ ಇದೆ. ಮಧ್ಯಯುಗದಲ್ಲಿ ಅದು ರಾಜರ ಜಿಂಕೆವನ, ಆ ದೇಶದಲ್ಲೇ ಅತಿ ದೊಡ್ಡದು. ಸುತ್ತಲಿನ ಗಡಿಯೇ ಸುಮಾರು 16 ಕಿಲೋಮೀಟರ್.

ಆ ಗಡಿ ಕಟ್ಟಿದವರ ಜಾಣ್ಮೆ ನೋಡಿ. ಒಳಗಡೆ ಕಂದಕ. ತೋಡಿದ ಮಣ್ಣನ್ನು ಹೊರಗೆ ಸುರಿದು ಏರಿ. ಏರಿಯ ಮೇಲೆ ಸೀಳಿದ ಓಕ್ ಮರದ ಬೇಲಿ. ಕೋಟೆಗಾದರೆ ಕಂದಕ ಹೊರಗಿರುತ್ತದೆ. ಇಲ್ಲಿ ತಡೆಯಬೇಕಾಗಿದ್ದದ್ದು ಶತ್ರುವನ್ನಲ್ಲ, ಒಳಗಿನ ಜಿಂಕೆಯನ್ನು! ಕಂದಕದ ತಳದಿಂದ ಬೇಲಿ ದಾಟುವಷ್ಟು ಎತ್ತರ ಅದು ಹೇಗೆ ಹಾರೀತು? ಕೆಲವು ವನಗಳಲ್ಲಿ ಹೊರಗಿನ ಜಿಂಕೆ ಒಳಕ್ಕೆ ಹಾರಿ ಬರಲಿ, ಆದರೆ ಮತ್ತೆ ಹೊರಗೆ ಹೋಗದಿರಲಿ ಎಂದು ಬೇಲಿಯಲ್ಲಿ ಒಂದು ಕಡೆ ತಗ್ಗು ಬಿಡುತ್ತಿದ್ದರು. ಅದಕ್ಕೆ ರಾಜನ ಅಪ್ಪಣೆ ಬೇಕಿತ್ತು. ರಾಜನ ಕಾಡಿನ ಜಿಂಕೆ ರಾಜನದ್ದೇ ಅಲ್ವಾ?

1164ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಚರ್ಚಿನ ಅಧಿಕಾರಕ್ಕೆ ಮಿತಿ ಹಾಕುವ ಕಟ್ಟಳೆ ತಂದದ್ದು ಇಲ್ಲಿಯೇ. ವನದೊಳಗಿದ್ದ ರಾಜರ ಅರಮನೆಯ ಮುರಿದ ಗೋಡೆಗಳಷ್ಟೇ ಈಗ ಉಳಿದಿವೆ. ಮರದ ಬೇಲಿ ಎಂದೋ ಹೋಯಿತು. ಮಣ್ಣಿನ ಏರಿ ಮಾತ್ರ ಹಲವು ಕಡೆ ಇನ್ನೂ ಇದೆ. ಗೊತ್ತಿಲ್ಲದವರಿಗೆ ಅದು ಸುಮ್ನೆ ಒಂದು ದಿಬ್ಬ. ಗೊತ್ತಿದ್ದವರಿಗೆ ಮೈ ಜುಮ್ಮೆನ್ನುತ್ತದೆ.

ಸಾಲ್ಸ್‌ಬರಿಯಿಂದ ವಿಂಚೆಸ್ಟರ್‌ಗೆ ಹೋಗುವ ಕಾಲುದಾರಿ ಈ ಅರಮನೆಯ ಬಳಿಯೇ ಹಾದುಹೋಗುತ್ತದೆ. ನಿಮ್ಮ ಪ್ರವಾಸ ಪುಟದಲ್ಲಿ ಇಂಥ ಜಾಗಗಳ ಬಗ್ಗೆಯೂ ದಯವಿಟ್ಟು ಬರೆಸಿ.

— ಒಬ್ಬ ಓದುಗ, ಮೈಸೂರು