ಎರಡು ಎಕರೆಯ ವಾರಸುದಾರನಿಂದ ಹಣಕಾಸು ಸಚಿವರಿಗೆ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ. ನೀವು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಆ ಸಲುಗೆಯಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ವಿಷಯ: ಸತ್ತವರ ದೊಡ್ಡ ಆಸ್ತಿ ವಾರಸುದಾರರಿಗೆ ಹೋಗುವಾಗ ಹಾಕುವ ತೆರಿಗೆ, ಅಂದರೆ ವಾರಸು ತೆರಿಗೆ.

ನಮ್ಮಪ್ಪ ತೀರಿಕೊಂಡ ಮೇಲೆ ಎರಡು ಎಕರೆ ಜಮೀನಿನ ಪೌತಿ ಖಾತೆಗೆ ಹನ್ನೊಂದು ತಿಂಗಳು ಅಲೆದೆ. ಮರಣ ಪತ್ರ, ವಂಶವೃಕ್ಷ, ತಂಗಿಯರ ಒಪ್ಪಿಗೆ, ಪಹಣಿಯಲ್ಲಿ ತಪ್ಪಿದ್ದ ಅಪ್ಪನ ಹೆಸರಿನ ತಿದ್ದುಪಡಿ. ತೆರಿಗೆ ಇರಲಿಲ್ಲ, ನಿಜ. ಆದರೆ ಬಸ್ ಚಾರ್ಜು, ತಪ್ಪಿದ ಕೂಲಿ, ಕೈ ಬೆಚ್ಚಗೆ ಮಾಡಿದ್ದು ಎಲ್ಲ ಕೂಡಿಸಿದರೆ ಬರುವ ಮೊತ್ತಕ್ಕೆ ಬೇರೇನು ಹೆಸರಿಡಬೇಕೋ ತಿಳಿಯದು.

ಇತ್ತ ಸಾವಿರ ಕೋಟಿಯ ಷೇರು ಅಪ್ಪನಿಂದ ಮಗನಿಗೆ ಬಂದರೆ ಆದಾಯ ತೆರಿಗೆ ಕಾಯ್ದೆಯಡಿ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಉಯಿಲಿನಿಂದ ಬಂದರೂ ಇಲ್ಲ, ಬದುಕಿದ್ದಾಗಲೇ ಹತ್ತಿರದ ಸಂಬಂಧಿಗೆ ಉಡುಗೊರೆ ಕೊಟ್ಟರೂ ಇಲ್ಲ. ಮಾರಿದಾಗಷ್ಟೇ ಲಾಭದ ಮೇಲೆ ತೆರಿಗೆ. ಮಾರದಿದ್ದರೆ ಮೊಮ್ಮಗನ ಕಾಲಕ್ಕೂ ಹಾಗೇ.

ವಾರಸು ತೆರಿಗೆಯ ಹಳೆಯ ಕಾಯ್ದೆಯನ್ನೇ ಮತ್ತೆ ತನ್ನಿ ಅನ್ನುತ್ತಿಲ್ಲ. 1953ರ ಎಸ್ಟೇಟ್ ಡ್ಯೂಟಿಯ (ನಮ್ಮ ಕಡೆ ಎಸ್ಟೇಟ್ ಅಂದರೆ ಕಾಫಿ ತೋಟ, ಇದು ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ) ಗರಿಷ್ಠ ದರ ಶೇ 85ಕ್ಕೆ ಏರಿತ್ತು. ವಿನಾಯಿತಿಯ ಮಿತಿ ಮಾತ್ರ ಲಕ್ಷದ ಆಸುಪಾಸು. ಹೀಗಾಗಿ ಸಾಧಾರಣ ಮನೆಯವರೂ ಲೆಕ್ಕಪತ್ರ ಹಿಡಿದು ನಿಂತರು, ಉಳ್ಳವರು ಟ್ರಸ್ಟು, ಅವಿಭಕ್ತ ಕುಟುಂಬ ಅಂತ ದಾರಿ ಹುಡುಕಿಕೊಂಡರು. 1985ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅದನ್ನು ಕೈಬಿಟ್ಟಾಗ ವರ್ಷದ ವಸೂಲಿ ಸುಮಾರು 20 ಕೋಟಿ ಅಷ್ಟೇ. ಅದಕ್ಕೆ ಹೋಲಿಸಿದರೆ ವಸೂಲಿಯ ಖರ್ಚು ಹೆಚ್ಚು ಎಂದರು. ಒಪ್ಪೋಣ.

ಒಪ್ಪಲಾಗದ್ದು 2015ರದ್ದು. ಇಟ್ಟುಕೊಂಡ ಆಸ್ತಿಯ ಮೇಲೆ ವರ್ಷ ವರ್ಷ ಬೀಳುತ್ತಿದ್ದ ಸಂಪತ್ತು ತೆರಿಗೆ ಹೋಯಿತು, ಬದಲಿಗೆ ವರ್ಷಕ್ಕೆ ಕೋಟಿ ಮೀರಿ ಆದಾಯ ಇರುವವರ ಮೇಲೆ ಶೇ 2ರಷ್ಟು ಹೆಚ್ಚುವರಿ ಸರ್ಚಾರ್ಜ್ ಬಂತು. ಸರ್ಚಾರ್ಜ್ ಅಂದರೆ ಆದಾಯ ತೆರಿಗೆಯ ಮೇಲೆ ಬೀಳುವ ಇನ್ನೊಂದು ತೆರಿಗೆ. ಚಿನ್ನವನ್ನು ಮಾರದೆ ಇಟ್ಟುಕೊಂಡವನ ಆಸ್ತಿ ಹತ್ತು ಪಟ್ಟಾದರೂ ಅದು ಆದಾಯವಲ್ಲ. ಅದಕ್ಕಿಂತ ನಮ್ಮನ್ನು ಚುಚ್ಚುವ ಸಂಗತಿ ಇನ್ನೊಂದಿದೆ: ಸಂಪತ್ತು ತೆರಿಗೆಯಲ್ಲಿ ರಾಜ್ಯಗಳಿಗೂ ಪಾಲಿತ್ತು, ಸರ್ಚಾರ್ಜಿನಲ್ಲಿ ಇಲ್ಲ. ಉಳ್ಳವರ ಹೆಸರಲ್ಲಿ ಬಂದ ಹಣ ದೆಹಲಿಯಲ್ಲೇ ಉಳಿಯಿತು. ಆ ಸರ್ಚಾರ್ಜಿನ ಗರಿಷ್ಠ ದರವನ್ನೂ 2023ರಲ್ಲಿ ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿ ಶೇ 37ರಿಂದ 25ಕ್ಕೆ ನೀವೇ ಇಳಿಸಿದಿರಿ. ನೀವು ನಮ್ಮ ರಾಜ್ಯದ ಪ್ರತಿನಿಧಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

2024ರ ಚುನಾವಣೆಯ ಹೊತ್ತಿಗೆ ಕಾಂಗ್ರೆಸ್‌ನ ಸ್ಯಾಮ್ ಪಿತ್ರೋಡಾ ಅಮೆರಿಕದ ವಾರಸು ತೆರಿಗೆಯ ಉದಾಹರಣೆ ಎತ್ತಿದ್ದೇ ತಡ, ಅವರ ಪಕ್ಷವೇ ದೂರ ಸರಿಯಿತು. ಮಧ್ಯಮ ವರ್ಗಕ್ಕೆ ಪೆಟ್ಟು ಬೀಳುತ್ತದೆ ಎಂಬರ್ಥದಲ್ಲಿ ನೀವೂ ಮಾತಾಡಿದಿರಿ. ಆದರೆ ಅಮೆರಿಕದಲ್ಲಿ ದರ ಶೇ 40 ಇದ್ದರೂ 2026ರಿಂದ ಒಬ್ಬೊಬ್ಬರ 1.5 ಕೋಟಿ ಡಾಲರ್‌ವರೆಗಿನ ಆಸ್ತಿಗೆ ತೆರಿಗೆಯೇ ಇಲ್ಲ. ನನಗೆ ಅದು ತೀರಾ ಧಾರಾಳ ಅನಿಸುತ್ತದೆ, ಇರಲಿ. ಮಿತಿಯನ್ನು ಅಷ್ಟು ಎತ್ತರದಲ್ಲಿ ಇಟ್ಟರೆ ಯಾವ ಮಧ್ಯಮ ವರ್ಗ ಸಿಕ್ಕಿಬೀಳುತ್ತದೆ, ಹೇಳಿ. ರೈತರನ್ನು ಹೆದರಿಸುವವರಿಗೆ ಇನ್ನೊಂದು ಮಾತು: ಕೃಷಿ ಭೂಮಿಯ ಮೇಲೆ ಎಸ್ಟೇಟ್ ಡ್ಯೂಟಿ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ಕೇಂದ್ರಕ್ಕೆ ತಾನಾಗಿ ಇಲ್ಲ, ಅದು ರಾಜ್ಯಪಟ್ಟಿಯದ್ದು.

ನಾನು ಕೇಳುವುದು ಇಷ್ಟೇ. ವಾರಸಿನಲ್ಲಿ ಬರುವ 50 ಕೋಟಿ ದಾಟಿದ ಆಸ್ತಿಗೆ ಮಾತ್ರ, ಖಾಸಗಿ ಟ್ರಸ್ಟುಗಳನ್ನೂ ಲೆಕ್ಕಕ್ಕೆ ಹಿಡಿದು, ಶೇ 10 ಹಾಕಿದರೆ ಎಷ್ಟು ಬರುತ್ತದೆ, ಅದರಲ್ಲಿ ರಾಜ್ಯಗಳಿಗೆ ಎಷ್ಟು ಎಂಬ ಅಂದಾಜನ್ನು ಸಂಸತ್ತಿನ ಮುಂದಿಡಿ. ಬೇಡ ಅನ್ನುವುದಾದರೆ ಆ ಅಂಕಿ ಇಟ್ಟುಕೊಂಡೇ ಬೇಡ ಅನ್ನಿ.

ಅಂದ ಹಾಗೆ, ಪಹಣಿಯಲ್ಲಿ ಈಗ ನನ್ನ ತಂಗಿಯ ಹೆಸರು ತಪ್ಪಾಗಿದೆ. ಅದು ನಿಮ್ಮ ಇಲಾಖೆಯದ್ದಲ್ಲ, ಗೊತ್ತು.

ಇಂತಿ,
ಎರಡು ಎಕರೆಯ ಒಬ್ಬ ವಾರಸುದಾರ