ಸಾಫ್ಟ್‌ವೇರ್ ಬದಲಾದ ಮೇಲೆ ಸೌಂಡ್‌ಬಾರ್‌ನಲ್ಲಿ ತಂಬೂರಿ ಕೇಳಿಸದಿರುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಸ್ಥಳ: ಮಾಳಮಡ್ಡಿ, ಧಾರವಾಡ

ಮಾನ್ಯರೇ,

ಕಳೆದ ದೀಪಾವಳಿಯಲ್ಲಿ ನಾನು ತಮ್ಮ ಕಂಪನಿಯ 3.1 ಚಾನೆಲ್ ಸೌಂಡ್‌ಬಾರನ್ನು (ಟೀವಿಗೆ ಜೋಡಿಸುವ ಉದ್ದನೆಯ ಸ್ಪೀಕರ್) ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ 24,990 ರೂಪಾಯಿ ಕೊಟ್ಟು ಖರೀದಿಸಿದೆ. ಮೊದಲ ನಾಲ್ಕು ತಿಂಗಳು ಅದರ ಮೇಲೆ ನನ್ನದು ಯಾವ ತಕರಾರೂ ಇರಲಿಲ್ಲ. ಮಾರ್ಚ್ ಎರಡನೆಯ ವಾರದ ಒಂದು ರಾತ್ರಿ ಅದು ನಮ್ಮ ಒಪ್ಪಿಗೆ ಕೇಳದೆ ವೈಫೈ ಮೂಲಕ ಹೊಸ ಸಾಫ್ಟ್‌ವೇರ್ ಹಾಕಿಕೊಂಡಿತು. ಅಂದಿನಿಂದ ಶಾಸ್ತ್ರೀಯ ಸಂಗೀತ ಹಾಕಿದರೆ ಹಾಡಿನ ಹಿನ್ನೆಲೆಯಲ್ಲಿ ಎಡೆಬಿಡದೆ ನುಡಿಯುವ ತಂಬೂರಿಯ ನಾದ ಅಳಿಸಿಹೋಗುತ್ತಿದೆ.

ಇದನ್ನು ಮೊದಲು ಗುರುತಿಸಿದವರು ನನ್ನ ತಾಯಿ. ಅವರಿಗೆ 81 ವರ್ಷ, ಕಣ್ಣು ಮಂಜಾಗಿವೆ. ಬೆಳಗಿನ ಹೊತ್ತು ಹಳೆಯ ಧ್ವನಿಮುದ್ರಣಗಳನ್ನು ಕೇಳುವುದೇ ಅವರಿಗೆ ಉಳಿದಿರುವ ದೊಡ್ಡ ಸಂತೋಷ. ಆ ದಿನ ಗಂಗೂಬಾಯಿ ಹಾನಗಲ್ಲರ ವಿಲಂಬಿತ ಖ್ಯಾಲ್ (ನಿಧಾನ ಲಯದ ಹಿಂದೂಸ್ತಾನಿ ಗಾಯನ) ನಡೆದಿದ್ದಾಗ ಅವರು, "ತಂಬೂರಿ ಯಾಕ ನಿಲ್ಲಿಸ್ಯಾರ?" ಎಂದು ಕೇಳಿದರು. ನಾನು ಕೇಬಲ್ ಸಡಿಲಾಗಿರಬೇಕೆಂದುಕೊಂಡೆ. ಅವರ ಕಿವಿಯೇ ಸರಿಯಾಗಿತ್ತು.

ಆಗುತ್ತಿರುವುದು ಇದು: ಗಾಯಕರು ಸ್ವರ ಹಚ್ಚಿದ ಕೂಡಲೇ ತಂಬೂರಿ ಕೆಳಗಿಳಿದು ಮಾಯವಾಗುತ್ತದೆ, ಅವರು ಉಸಿರು ತೆಗೆದುಕೊಳ್ಳಲು ನಿಂತರೆ ಒಂದೆರಡು ಕ್ಷಣ ಬಿಟ್ಟು ನಿಧಾನವಾಗಿ ಮೇಲೇರುತ್ತದೆ, ಮತ್ತೆ ಹಾಡಿದರೆ ಮತ್ತೆ ಮುಳುಗುತ್ತದೆ. ಹಾರ್ಮೋನಿಯಂನಲ್ಲಿ ಹಿಡಿದುನಿಂತ ಸ್ವರಕ್ಕೂ ಇದೇ ಗತಿ. ಹೊಸ ಸಾಫ್ಟ್‌ವೇರ್‌ನೊಡನೆ ಬಂದ, ಮಾತನ್ನು ಸ್ಪಷ್ಟಗೊಳಿಸುವ ಸೌಲಭ್ಯವೇ ಇದಕ್ಕೆ ಕಾರಣವೆಂದು ನಾನು ತಿಳಿಯುತ್ತೇನೆ. ಇಂಥ ತಂತ್ರಗಳು ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಅಥವಾ ಏಸಿಯ ಗದ್ದಲವೆಂದು ಎಣಿಸಿ ತಗ್ಗಿಸುತ್ತವೆ. ತಂಬೂರಿಯ ನಾಲ್ಕು ತಂತಿಗಳ ನಾದವೂ ಒಂದೇ ಸಮನೆ ಬರುವಂಥದ್ದೇ. ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಯ ಮೇಲೆ ತಂತಿಯ ಕೆಳಗೆ ಎಳೆ ದಾರವಿಟ್ಟು ಜವಾರಿ, ಅಂದರೆ ತಂತಿಯ ಝೇಂಕಾರ, ಹೊಂದಿಸುವುದು ಆ ನಾದ ತುಂಡಾಗದೆ ತುಂಬಿ ನಿಲ್ಲಲೆಂದೇ. ಖ್ಯಾಲ್ ಗಾಯನದಲ್ಲಿ ಪ್ರತಿಯೊಂದು ಸ್ವರದ ಸ್ಥಾನ ತಿಳಿಯುವುದು ತಂಬೂರಿಯ ಷಡ್ಜದ, ಅಂದರೆ ಮೂಲ ಸ್ವರ 'ಸ'ದ, ಆಧಾರದ ಮೇಲೆ. ಅದನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಅರ್ಧ ಸಂಗೀತ ಮಾತ್ರ.

ದೋಷ ಬೇರೆಡೆ ಇದೆಯೇ ಎಂದೂ ನೋಡಿದ್ದೇನೆ. ಅದೇ ಧ್ವನಿಮುದ್ರಣ ಟೀವಿಯ ಸ್ವಂತ ಸ್ಪೀಕರಿನಲ್ಲಿ, ಮೊಬೈಲಿಗೆ ಹಚ್ಚಿದ ವೈರಿನ ಹೆಡ್‌ಫೋನಿನಲ್ಲಿ ತಂಬೂರಿಯ ಸಮೇತ ಸ್ಪಷ್ಟವಾಗಿ ಕೇಳುತ್ತದೆ. ಸೌಂಡ್‌ಬಾರಿಗೆ ಎಚ್‌ಡಿಎಂಐ ಬಿಟ್ಟು ಆಪ್ಟಿಕಲ್ ಕೇಬಲ್ ಹಾಕಿದೆ, ಬ್ಲೂಟೂತ್‌ನಲ್ಲಿ ಕೇಳಿದೆ, ಮ್ಯೂಸಿಕ್ ಮೋಡ್ ಆರಿಸಿದೆ, ಫ್ಯಾಕ್ಟರಿ ರೀಸೆಟ್ ಕೂಡ ಮಾಡಿದೆ, ವ್ಯತ್ಯಾಸವಾಗಲಿಲ್ಲ. ಆ್ಯಪ್‌ನಲ್ಲಿ ಈ ಸೌಲಭ್ಯವನ್ನು ನಿಲ್ಲಿಸುವ ಬಟನ್ ಇಲ್ಲ. ಹಳೆಯ ಸಾಫ್ಟ್‌ವೇರಿಗೆ ಮರಳುವ ದಾರಿಯೂ ಇಲ್ಲ.

ತಮ್ಮ ಸೇವಾ ಕೇಂದ್ರದಿಂದ ಬಂದ ತಂತ್ರಜ್ಞರು ಸಭ್ಯವಾಗಿ ನಡೆದುಕೊಂಡರು. ಆದರೆ ಅವರು ಪರೀಕ್ಷಿಸಿದ್ದು ಒಂದು ಸಿನಿಮಾದ ಹೊಡೆದಾಟದ ದೃಶ್ಯವನ್ನು ಹಾಕಿ. ಅದರಲ್ಲಿ ಈ ದೋಷ ತೋರುವ ಸಾಧ್ಯತೆಯೇ ಇಲ್ಲ. "ದೋಷವಿಲ್ಲ" ಎಂದು ಬರೆದು ದೂರನ್ನು ಮುಚ್ಚಲಾಯಿತು. ಎರಡನೆಯ ಬಾರಿ ಫೋನ್ ಮಾಡಿದಾಗ, ಇದು ಉತ್ಪನ್ನದ ಗುಣವೇ ಹೊರತು ದೋಷವಲ್ಲ, ಆದ್ದರಿಂದ ವಾರಂಟಿಗೆ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ನಾನು ಹಣ ಕೊಟ್ಟಾಗ ಈ ಗುಣ ಅದರಲ್ಲಿರಲಿಲ್ಲ. ಮಾರಿದ ವಸ್ತುವನ್ನು ಕೊಂಡವರ ಮನೆಯಲ್ಲಿರುವಾಗ ಬದಲಿಸಿ, ಆಮೇಲೆ ಹೊಣೆಯಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ತಮ್ಮ ಪೆಟ್ಟಿಗೆಯ ಮೇಲೆ 'ಸಂಗೀತಪ್ರಿಯರಿಗಾಗಿ' ಎಂದು ಅಚ್ಚಾಗಿದೆ. ಕುಂದಗೋಳದ ಸವಾಯಿ ಗಂಧರ್ವರು ಗಂಗೂಬಾಯಿಯವರಿಗೂ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗೂ ಕಲಿಸಿದ ಸೀಮೆ ಇದು. ಇಲ್ಲಿ ಸಂಗೀತಪ್ರಿಯರು ಎಂದರೆ ತಂಬೂರಿ ಕೇಳುವವರೂ ಹೌದು. ಧ್ವನಿ ಪರೀಕ್ಷಿಸುವಾಗ ತಮ್ಮ ತಂತ್ರಜ್ಞರು ಒಂದು ವಿಲಂಬಿತ ಖ್ಯಾಲನ್ನೂ ಕೇಳಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ಆ ಸೌಲಭ್ಯವನ್ನು ಪೂರ್ತಿ ನಿಲ್ಲಿಸಲು ಬರುವಂತೆ ಮಾಡಿಕೊಡಬೇಕು, ಇಲ್ಲವೇ ಹಳೆಯ ಸಾಫ್ಟ್‌ವೇರನ್ನು ಮರಳಿ ಹಾಕಿಕೊಡಬೇಕು. ಎರಡೂ ಆಗದಿದ್ದಲ್ಲಿ ಸೌಂಡ್‌ಬಾರನ್ನು ಹಿಂಪಡೆದು ಪೂರ್ತಿ ಹಣ ಮರಳಿಸಬೇಕು. ತಪ್ಪಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುವುದರ ಜೊತೆಗೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ, ನಾನು ವಾಸಿಸುವ ಧಾರವಾಡ ಜಿಲ್ಲೆಯ ಗ್ರಾಹಕರ ಆಯೋಗದ ಮುಂದೆ ಹೋಗುತ್ತೇನೆ. ಬಿಲ್ಲು, ವಾರಂಟಿ ಕಾರ್ಡು, ತಂತ್ರಜ್ಞರ ವರದಿಯ ಪ್ರತಿಗಳನ್ನೂ, ಒಂದೇ ಧ್ವನಿಮುದ್ರಣವನ್ನು ಟೀವಿಯಲ್ಲಿ ಮತ್ತು ಸೌಂಡ್‌ಬಾರ್‌ನಲ್ಲಿ ನುಡಿಸಿ ಚಿತ್ರಿಸಿದ ಎರಡು ವಿಡಿಯೋಗಳನ್ನೂ ಲಗತ್ತಿಸಿದ್ದೇನೆ. ದಯವಿಟ್ಟು ಅವನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು.

ಇಂತಿ,
ತಮ್ಮ ಗ್ರಾಹಕ
(ಸಹಿ)